ಸಿಂಗ್ರಿಗೌಡರ ಅಮೆರಿಕದ ಎಲೆಕ್ಷನ್ನು

ಸಿಂಗ್ರಿಗೌಡರು ಮಡಚಿದ ಕಾಗದವನ್ನು ಬಿಚ್ಚುವುದು ಹುಡುಗಾಟವಲ್ಲ. ಅರ್ಧಕ್ಕೆ ಮಡಚಿ, ಅದನ್ನು ಮತ್ತೆ ಅರ್ಧ ಮಾಡಿ, ಉಗುರಿನಲ್ಲಿ ಗೀರಿ, ಮತ್ತೂ ಮಡಚಿ, ಕೊನೆಗೆ ಹುಣಸೆಬೀಜದಷ್ಟು ಮಾಡಿ ಹೆಬ್ಬೆರಳಿನಲ್ಲಿ ಒತ್ತಿಬಿಟ್ಟರೆ ಅದು ಕಾಗದವೋ ಕಲ್ಲೋ ತಿಳಿಯುತ್ತಿರಲಿಲ್ಲ. ಬಸ್ ಟಿಕೆಟ್ಟಾಗಲಿ, ಮದುವೆ ಪತ್ರಿಕೆಯಾಗಲಿ, ನಮ್ಮ ಹಾಲಿನ ಡೈರಿಯ ಚೀಟಿಯಾಗಲಿ, ಅವರ ಕೈ ಸೇರಿದ ಮೇಲೆ ಎಲ್ಲಕ್ಕೂ ಅದೇ ಗತಿ. ಒಮ್ಮೆ ಅವರ ಪಹಣಿಯನ್ನು ಬಿಚ್ಚಲು ಹೋದ ಅಳಿಯ ಅದನ್ನು ಎರಡು ತುಂಡು ಮಾಡಿ, ಮಾವನ ಮನೆಯಲ್ಲಿ ಊಟ ಮಾಡದೆ ಎದ್ದು ಹೋಗಿದ್ದನಂತೆ. "ಯಾಕೆ ಮಾವ ಹಿಂಗೆ ಮಡಚ್ತೀರಾ" ಅಂತ ನಾನು ಕೇಳಿದರೆ, "ಬೂತಲ್ಲಿ ಕುಂತು ಕುಂತು ಬಂದ ಚಟ ಕಣವ್ವ. ಓಟಿನ ಚೀಟಿ ಗಾಳಿಗೂ ಕಾಣ್ಬಾರ್ದು" ಅನ್ನುತ್ತಿದ್ದರು.

ನಾನು ಬಿಂಡಿಗನವಿಲೆ ಕಡೆಯ ಹೆಣ್ಣು. ನಮ್ಮ ಕಡೆ ಮಳೆ ಬಂದರೆ ರಾಗಿ, ಬಾರದಿದ್ದರೆ ಕುರಿ, ಹರಟೆಗೆ ಪುರುಸೊತ್ತಿಲ್ಲ. ಕಿರಂಗೂರಿನಿಂದ ಈಚೆಗಿರುವ ಈ ಊರಿಗೆ ಸೊಸೆಯಾಗಿ ಬಂದ ಮೇಲೆ ಗೊತ್ತಾಯಿತು, ನಾಲೆ ನೀರು ತಾನಾಗಿ ಗದ್ದೆಗೆ ಹರಿಯುವ ಕಡೆ ಗಂಡಸರು ಬೆವರುವುದು ರಾಜಕೀಯ ಮಾತಾಡುವಾಗ ಮಾತ್ರ ಅಂತ. ಪಿಯುಸಿ ಓದಿದ್ದೆನೆಂದು ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ ಕೊಟ್ಟರು. ಬೆಳಿಗ್ಗೆ ಆರಕ್ಕೆ ಒಂದು ಸಲ, ಸಂಜೆ ಐದಕ್ಕೆ ಒಂದು ಸಲ, ಇಡೀ ಊರು ಕ್ಯಾನು ಹಿಡಿದು ನನ್ನ ಮುಂದೆ ಸಾಲು ನಿಲ್ಲುತ್ತದೆ. ಯಾರ ಹಾಲಿಗೆ ಎಷ್ಟು ನೀರು ಬಿದ್ದಿದೆ ಅಂತ ಗೊತ್ತಿರುವವಳಿಗೆ ಯಾರ ಮಾತಿಗೆ ಎಷ್ಟು ನೀರು ಬಿದ್ದಿದೆ ಅಂತಲೂ ನಿಧಾನಕ್ಕೆ ಗೊತ್ತಾಗುತ್ತದೆ. ಸಿಂಗ್ರಿಗೌಡರ ಎರಡೂ ಗಟ್ಟಿ.

ಎತ್ತರದ ಆಳು, ಕಿವಿಯ ಮೇಲೆ ಪೊದೆಯಂಥ ಕೂದಲು, ಜೇಬಿನಲ್ಲಿ ಸದಾ ಎರಡು ಪೆನ್ನು. ಮೂವತ್ತು ವರ್ಷ ಯಾವ ಎಲೆಕ್ಷನ್ ಬಂದರೂ ಬೂತ್ ಏಜೆಂಟಾಗಿ ಕೂತವರು. ಸಂಜೆ ಐದಕ್ಕೆ ಬೂತಿನಿಂದ ಎದ್ದು ಬರುವಾಗಲೇ ಯಾರಿಗೆ ಎಷ್ಟು ಬಿದ್ದಿದೆ ಅಂತ ಹೇಳುತ್ತಿದ್ದರು. ಎಣಿಕೆಯ ದಿನ ಐದೋ ಆರೋ ಓಟು ಆಚೀಚೆ, ಅಷ್ಟೇ. "ಓಟು ಆಕಿ ಬಂದೋರ ಮಕ ನೋಡ್ಬಾರ್ದು, ಚಪ್ಲಿ ಮೆಟ್ಕೊಳೋದು ನೋಡ್ಬೇಕು. ನಮ್ಗೆ ಆಕ್ದೋನು ನಿಧಾನಕ್ಕೆ ಮೆಟ್ಕಂತನೆ, ಆಕ್ದೇ ಇರೋನು ಕೈಯಲ್ಲೇ ಇಡ್ಕಂಡು ಓಯ್ತನೆ" ಅನ್ನುವುದು ಅವರ ಶಾಸ್ತ್ರ. ಪಾಂಡವಪುರದಿಂದಲೂ ಲೆಕ್ಕ ಕೇಳಲು ಜನ ಬರುತ್ತಿದ್ದರು.

ಅಂಥವರೇ ತಮ್ಮ ಊರಿನ ಡೈರಿ ಎಲೆಕ್ಷನ್ನಿನಲ್ಲಿ ಮಕಾಡೆ ಬಿದ್ದರು. ಅದು ನಡೆದದ್ದು ಎರಡು ಸಾವಿರದ ಹದಿನಾರರ ಬೇಸಿಗೆಯಲ್ಲಿ.

ನಮ್ಮ ಡೈರಿಯಲ್ಲಿ ಅಧ್ಯಕ್ಷರನ್ನು ಊರು ನೇರವಾಗಿ ಆರಿಸುವುದಿಲ್ಲ. ಹಾಲು ಹಾಕುವವರೆಲ್ಲ ಸೇರಿ ಹದಿಮೂರು ಜನ ನಿರ್ದೇಶಕರನ್ನು ಆರಿಸುತ್ತಾರೆ. ಆ ಹದಿಮೂರು ಜನ ಒಳಗೆ ಕೂತು ಅಧ್ಯಕ್ಷರನ್ನು ಆರಿಸುತ್ತಾರೆ. ನಿರ್ದೇಶಕರಲ್ಲಿ ಎಲ್ಲರಿಗಿಂತ ಹೆಚ್ಚು ಓಟು ಬಂದದ್ದು ಸಿಂಗ್ರಿಗೌಡರಿಗೆ. ಅಧ್ಯಕ್ಷಗಿರಿಗೆ ಅವರ ಎದುರು ನಿಂತವರು ನಿಂಗೇಗೌಡರು. ಹೊರಗಿನವರಲ್ಲ, ಸಿಂಗ್ರಿಗೌಡರ ಅಕ್ಕ ಪುಟ್ಟಮ್ಮನ ಗಂಡ, ಸ್ವಂತ ಭಾವ. ಹದಿಮೂರರಲ್ಲಿ ಎಂಟು ಜನ ಸಿಂಗ್ರಿಗೌಡರ ಕಡೆ ಅಂತ ಊರಿಗೆಲ್ಲ ಗೊತ್ತಿತ್ತು. ನಿಂಗೇಗೌಡರ ಕಡೆಯವರು ವ್ಯಾನು ಮಾಡಿಕೊಂಡು ಮೂರು ದಿನ ದೇವರ ದರ್ಶನಕ್ಕೆ ಹೊರಟರು. ಇಂಥ ಸಮಯದಲ್ಲಿ ನಮ್ಮ ಕಡೆ ಎಲ್ಲಿಲ್ಲದ ಭಕ್ತಿ ಹುಟ್ಟುತ್ತದೆ. ಸಿಂಗ್ರಿಗೌಡರ ಎಂಟು ಜನರಲ್ಲಿ ಒಬ್ಬರು ಕೊನೆ ಗಳಿಗೆಯಲ್ಲಿ ಆ ವ್ಯಾನು ಹತ್ತಿದರು. ನಿಮ್ಮವರನ್ನೂ ಎಲ್ಲಾದರೂ ಕರಕೊಂಡು ಹೋಗಿ ಅಂದವರಿಗೆ ಸಿಂಗ್ರಿಗೌಡರು, "ನನ್ನೋರೇನು ದನವಾ, ಕಟ್ಟಾಕಕ್ಕೆ" ಅಂದುಬಿಟ್ಟರು. ಒಬ್ಬ ಹೋದರೂ ಏಳು-ಆರರಲ್ಲಿ ಗೆಲ್ಲುತ್ತಾರೆ ಅಂತ ಎಲ್ಲರ ಲೆಕ್ಕ.

ಚೀಟಿ ಎಣಿಸಿದಾಗ ನಿಂಗೇಗೌಡರಿಗೆ ಏಳು, ಸಿಂಗ್ರಿಗೌಡರಿಗೆ ಆರು.

ಹಾಗಾದರೆ ಕೈಕೊಟ್ಟವರು ಒಬ್ಬರಲ್ಲ, ಇಬ್ಬರು. ವ್ಯಾನು ಹತ್ತಿದವರು ಯಾರು ಅಂತ ಗೊತ್ತು. ಆ ಎರಡನೆಯವರು ಯಾರು? ಊರು ವರ್ಷಗಟ್ಟಲೆ ಇದನ್ನೇ ಅಗಿಯಿತು. ಎರಡನೇ ಓಟಿಗೆ ನಿಂಗೇಗೌಡ ಒಂದು ಸೀಮೆಹಸ ಕೊಟ್ಟು ಕೊಂಡುಕೊಂಡ ಅಂತ ಮಾತು ಹುಟ್ಟಿತು. ಆ ಹಸದ ಬಣ್ಣ ಯಾವುದು, ಎಷ್ಟನೇ ಸೂಲು ಅಂತ ಹೇಳುವವರೂ ಇದ್ದರು. ನಿಂಗೇಗೌಡರು ಒಂದು ಮಾತೂ ಆಡಲಿಲ್ಲ. ಸಿಂಗ್ರಿಗೌಡರು ಅರಳಿಕಟ್ಟೆಯ ಮುಂದೆ ನಿಂತು, "ಇವತ್ತಿಂದ ನಮ್ಮ ದೇಸದ ಯಾವ ಎಲೆಕ್ಷನ್ ಮಾತೂ ನನ್ ಬಾಯಲ್ಲಿ ಬರಾಕಿಲ್ಲ" ಅಂತ ಆಣೆ ಇಟ್ಟು, ಭಾವನ ಜೊತೆ ಮಾತು ಬಿಟ್ಟರು.

ಮಾತು ಬಿಟ್ಟರೂ ಹಾಲು ಬಿಡಲಾಗುತ್ತದೆಯೇ? ನಿಂಗೇಗೌಡರು ಆರಕ್ಕೆ ಬಂದರೆ ಸಿಂಗ್ರಿಗೌಡರು ಆರೂಕಾಲಿಗೆ. ನಿಂಗೇಗೌಡರು ಕ್ಯಾನು ತೊಳೆಯುತ್ತಾ ತಡಮಾಡಿದರೆ ಸಿಂಗ್ರಿಗೌಡರು ರಸ್ತೆಯಾಚೆ ಕರೆಂಟ್ ಕಂಬವನ್ನು ಮೊದಲ ಸಲ ಕಂಡವರ ಹಾಗೆ ನೋಡುತ್ತಾ ನಿಲ್ಲುವರು. ಮಧ್ಯೆ ಸುದ್ದಿ ಸಾಗಿಸಲು ನಾನು. "ಅವ್ರ ಕೆಂದ ಅಸ ಕುಂಟ್ತಾ ಅದೆ, ಡಾಕುಟ್ರಿಗೆ ತೋರ್ಸಕ್ಕೆ ಯೋಳು." "ನಮ್ ಬಾಮೈದನಿಗೆ ಯೋಳವ್ವ, ತೋರ್ಸಾಯ್ತು ಅಂತ." ಗೌರಿಹಬ್ಬಕ್ಕೆ ತಮ್ಮ ತಾನೇ ಹೋಗಿ ಅಕ್ಕನಿಗೆ ಬಾಗಿನ ಕೊಡಬೇಕು. ಸಿಂಗ್ರಿಗೌಡರು ಮೊರ, ಬಳೆ, ಅಕ್ಕಿ, ಬೆಲ್ಲ, ರವಿಕೆ ಕಣ ಎಲ್ಲವನ್ನೂ ಜೋಡಿಸಿ ತಂದು ಡೈರಿಯ ಕಟ್ಟೆಯ ಮೇಲೆ ಇಟ್ಟು ಹೋಗುವರು. ನಾನು ಹೊತ್ತು ಪುಟ್ಟಮ್ಮನಿಗೆ ಮುಟ್ಟಿಸಬೇಕು. ಪುಟ್ಟಮ್ಮ ಇಸಕೊಂಡು, "ನನ್ ತಮ್ಮ ಬದುಕವ್ನಾ ಅಂತ ಕೇಳ್ದೆ ಅನ್ನು" ಅಂತ ಕಣ್ಣೊರೆಸಿಕೊಳ್ಳುವಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಗಂಡಸರ ಜಿದ್ದಿಗೆ ಹೆಂಗಸರ ಕಣ್ಣೀರು ಅಂತ ಅಂದೂ ಇದ್ದೇನೆ. ಸಿಂಗ್ರಿಗೌಡರು ಚೀಟಿ ಮಡಚುತ್ತಾ ಕೂತರು.

ಅತ್ತ ಆಣೆ, ಇತ್ತ ಚಟ. ಮೂವತ್ತು ವರ್ಷ ಎಲೆಕ್ಷನ್ ಉಂಡು ಎಲೆಕ್ಷನ್ ಉಟ್ಟ ಮನುಷ್ಯ ಹೇಗೆ ತಡೆದಾರು? ಒಂದು ದಿನ ಡೈರಿಗೆ ಬರುವ ಪೇಪರಿನಲ್ಲಿ ಅಮೆರಿಕದ ಚುನಾವಣೆಯ ಸುದ್ದಿ ಕಂಡಿತು. ನಿಂತಲ್ಲೇ ನಿಂತರು. "ಆಣೆ ಇಟ್ಟಿದ್ದು ನಮ್ ದೇಸದ ಎಲೆಕ್ಷನ್ನಿಗೆ ತಾನೆ? ಇದು ಬೇರೇರ್ದಲ್ವಾ" ಅಂದರು. ಅಂದಿನಿಂದ ಅವರು ಹಾಲು ಹಾಕಿದ ಮೇಲೆ ಕಾಲು ಗಂಟೆ ನಾನು ಅಮೆರಿಕ ಓದಿ ಹೇಳಬೇಕು. ಪೇಪರಿನಲ್ಲಿ ಇಲ್ಲದ್ದನ್ನು ನನ್ನ ಫೋನಿನಲ್ಲಿ ಹುಡುಕಬೇಕು. ಆ ಸಲ ಅಲ್ಲಿ ಒಬ್ಬ ಹೆಣ್ಣುಮಗಳೂ ಕೆಂಪು ಟೈ ಕಟ್ಟುವ ಒಬ್ಬ ಸಾಹುಕಾರರೂ ನಿಂತಿದ್ದರು.

ಅಮೆರಿಕದ ಚುನಾವಣೆ ಹೇಗೆ ನಡೆಯುತ್ತದೆ ಅಂತ ಓದಿದವರಿಗೇ ತಲೆ ಕೆಡುತ್ತದೆ. ಜನ ಹಾಕಿದ ಓಟು ನೇರ ಅಧ್ಯಕ್ಷನಿಗೆ ಹೋಗುವುದಿಲ್ಲ. ರಾಜ್ಯ ರಾಜ್ಯದಿಂದ ಆರಿಸಿದ ಐನೂರ ಮೂವತ್ತೆಂಟು ಜನ ಒಂದು ತಿಂಗಳ ಮೇಲೆ ಓಟು ಹಾಕುತ್ತಾರೆ. ನಾನೇ ಮೂರು ಸಲ ಓದಿ ಬೆವರಿದೆ. ಸಿಂಗ್ರಿಗೌಡರಿಗೆ ಒಂದೇ ಸಲಕ್ಕೆ ಅರ್ಥವಾಯಿತು.

"ನಮ್ ಡೈರಿ ಇದ್ದಂಗೆ ಕಣವ್ವ" ಅಂದರು. ಆಮೇಲೆ ಕೊಂಚ ಯೋಚಿಸಿ, "ಆ ಐನೂರ ಮೂವತ್ತೆಂಟು ಜನುನ್ನ ಈಗ ಎಲ್ಲಿ ಮಡಗವ್ರೆ?"

"ಎಲ್ಲಿ ಅಂದ್ರೆ? ಅವರವರ ಮನೇಲಿ ಇರ್ತಾರೆ ಮಾವ."

"ಮನೇಲಾ? ಒಂದ್ ತಿಂಗ್ಳು ಮನೇಲಾ? ಯಾರೂ ವ್ಯಾನಲ್ಲಿ ತಕೊಂಡೋಗಾಕಿಲ್ವಾ?" ಅವರ ಮುಖದಲ್ಲಿ ನಿಜವಾದ ಕಳವಳವಿತ್ತು. "ಆ ಯಮ್ಮನಿಗೆ ಯಾರಾರ ಬುದ್ಧಿ ಯೋಳ್ರವ್ವ. ತನ್ನೋರುನ್ನ ಒಂದ್ ಕಡೆ ಸೇರ್ಸಿ ಬೀಗ ಆಕ್ಲಿ. ನಾನ್ ಕೆಟ್ಟಿದ್ದು ಅಲ್ಲೇಯ."

ಮಂಗಳವಾರ ಓಟು ಇಡಲು ಕಾರಣ ಓದಿದಾಗ ಸಿಂಗ್ರಿಗೌಡರಿಗೆ ಬಹಳ ಸಂತೋಷವಾಯಿತು. ಹಿಂದಿನ ಕಾಲದಲ್ಲಿ ರೈತರು ಗಾಡಿ ಕಟ್ಟಿಕೊಂಡು ದೂರದಿಂದ ಬರಬೇಕಿತ್ತು. ಭಾನುವಾರ ದೇವರ ದಿನ, ಬುಧವಾರ ಸಂತೆಯ ದಿನ, ನಡುವೆ ಸಿಕ್ಕಿದ್ದು ಮಂಗಳವಾರವಂತೆ. "ನೋಡ್ದಾ, ಒಕ್ಕಲು ಮಕ್ಳು ಮಾಡಿರೋ ಕಾನೂನು. ಪಾಂಡವಪುರದ ಸಂತೆ ದಿನ ಎಲೆಕ್ಷನ್ ಇಟ್ರೆ ಓಟ್ಗೆ ಯಾವ್ ನನ್ ಮಗ ಬಂದಾನು" ಅಂದರು. ಬೆರಳಿಗೆ ಮಸಿ ಹಾಕುವುದಿಲ್ಲ ಅಂದಾಗ ಮಾತ್ರ ತಲೆ ಚಚ್ಚಿಕೊಂಡರು. "ನಮ್ ಮೈಸೂರಲ್ಲಿ ಮಸಿ ಮಾಡ್ತರೆ. ನಾಕ್ ಬಾಟ್ಲಿ ತರ್ಸ್ಕಬಾರ್ದಾ, ಅಷ್ಟಕ್ಕೂ ಬಡವ್ರಾ ಅವ್ರು?" ಅಮೆರಿಕದ ಹಾಲಿನ ಪುಡಿ ನಮ್ಮ ದೇಶಕ್ಕೆ ಬರುತ್ತದಂತೆ ಅನ್ನುವ ಗಾಳಿಸುದ್ದಿಯೂ ಅವರ ಕಿವಿಗೆ ಬಿದ್ದಿತ್ತು. "ಯಾರಾರ ಗೆಲ್ಲಲಿ, ಅವ್ರ ಅಸ ನನ್ ಕ್ಯಾನಿಗೆ ಬಾಯಾಕ್ದಿದ್ರೆ ಸಾಕು" ಅಂತ ಷರಾ ಬರೆದರು.

ಫಲಿತಾಂಶಕ್ಕೆ ಮೊದಲು ಒಂದು ಚೀಟಿ ಬರೆದು, ತಮ್ಮ ಪದ್ಧತಿಯಂತೆ ಮಡಚಿ ನನ್ನ ಕೈಗೆ ಕೊಟ್ಟರು. "ಗೆಲ್ಲೋರು ಯಾರು ಅಂತ ಬರ್ದಿವ್ನಿ. ಆಮೇಲೆ ಬಿಚ್ಚು."

ಬಂತಲ್ಲ ಆ ದಿನ. ಹಿಂದಿನ ಸಂಜೆಯಷ್ಟೇ ದೊಡ್ಡ ನೋಟು ನಡೆಯುವುದಿಲ್ಲ ಅಂತ ಟಿವಿಯಲ್ಲಿ ಹೇಳಿದ್ದರು. ಊರಿಗೆ ಊರೇ ಐನೂರರ ನೋಟು ಹಿಡಿದು ಬಾಯಿ ಬಡಿದುಕೊಳ್ಳುತ್ತಿತ್ತು. ಸಿಂಗ್ರಿಗೌಡರೊಬ್ಬರು ಸಂಜೆ ಹಾಲಿನ ಹೊತ್ತಿಗೆ ಬಂದು, "ಅದಿರ್ಲಿ, ಅಮೆರಿಕದ್ದು ಏನಾಯ್ತು?" ಅಂದರು. ಸಾಹುಕಾರರು ಗೆದ್ದರು, ಆದರೆ ಒಟ್ಟು ಓಟು ಆ ಹೆಣ್ಣುಮಗಳಿಗೇ ಜಾಸ್ತಿ ಬರುವ ಹಾಗಿದೆ ಅಂದೆ. ಅವರು ಕ್ಯಾನು ಕೆಳಗಿಟ್ಟರು.

"ಊರೋರ ಓಟು ಆ ಯಮ್ಮನಿಗೆ. ಒಳಗೆ ಕುಂತೋರ ಓಟು ಅವ್ನಿಗೆ. ಅಂಗಾರೆ ನಂಗಾದಂಗೇ ಆಯ್ತು ಅನ್ನು."

ಚೀಟಿ ಬಿಚ್ಚಿದೆ; ಉಗುರೇ ಹೋಯಿತು. ಅದರಲ್ಲೂ ಆಕೆಯ ಹೆಸರೇ ಇತ್ತು. ಆಕೆ ಸಿಂಗ್ರಿಗೌಡರಿಗೆ ಒಡಹುಟ್ಟಿದವಳಿಗಿಂತ ಹತ್ತಿರವಾಗಿಬಿಟ್ಟಳು. ಆದರೆ ನಾನು ಮುಂದಿನ ಸಾಲು ಓದಿದೆ: ಸೋತ ಮೇಲೆ ಆಕೆ ಗೆದ್ದವರಿಗೆ ತಾನೇ ಫೋನು ಮಾಡಿ ಒಪ್ಪಿಕೊಂಡಳಂತೆ, ಅದು ಅಲ್ಲಿನ ಹಳೆಯ ಪದ್ಧತಿಯಂತೆ.

"ಯಾರು, ಸೋತೋಳಾ? ಗೆದ್ದೋನು ಪಟಾಕಿ ತಕೊಂಡು ಸೋತೋರ ಮನೆ ಮುಂದೆ ಬರೋದಲ್ವಾ ಪದ್ಧತಿ?"

"ಇಲ್ಲ ಮಾವ. ಸೋತವರೇ ಫೋನ್ ಮಾಡಿ, ನೀವು ಗೆದ್ರಿ, ಒಳ್ಳೇದಾಗ್ಲಿ ಅನ್ನಬೇಕಂತೆ." ಅವರ ಮುಖವನ್ನೇ ನೋಡುತ್ತಾ, "ನೀವೂ ಮಾಡಬಹುದಲ್ಲ" ಅಂದೆ.

ಸಿಂಗ್ರಿಗೌಡರು ಕ್ಯಾನು ಎತ್ತಿಕೊಂಡು ಹೊರಟುಹೋದರು. ಮಾರನೆಯ ದಿನ, "ಆ ಯಮ್ಮ ದೊಡ್ಡೋಳು ಕಣವ್ವ. ನಾನಲ್ಲ" ಅಂದರು.

ಮುಂದಿನ ಸಲದ್ದು ಕೊರೊನಾ ವರ್ಷ. ಡೈರಿಯ ಮುಂದೆ ಸುಣ್ಣದಲ್ಲಿ ದುಂಡು ಗೆರೆ ಬರೆದು ಅದರೊಳಗೆ ಒಬ್ಬೊಬ್ಬರನ್ನು ನಿಲ್ಲಿಸಿದ್ದೆ. ಭಾವನಿಗೂ ಬಾಮೈದನಿಗೂ ಅಂತರ ಕಾಯ್ದುಕೊಳ್ಳಲು ಸರ್ಕಾರವೇ ಹೇಳಿದ ಮೇಲೆ ಇನ್ನೇನು, ಇಬ್ಬರಿಗೂ ಹಬ್ಬ. ಅಮೆರಿಕದಲ್ಲಿ ಎಣಿಕೆ ಒಂದು ದಿನವಾಯಿತು, ಎರಡಾಯಿತು, ನಾಲ್ಕನೆಯ ದಿನಕ್ಕೆ ಹೋಯಿತು. "ರಾಕೆಟ್ ಬುಡ್ತರೆ, ಓಟು ಎಣ್ಸಕ್ಕೆ ಬರಾಕಿಲ್ವಾ? ನಮ್ ಪ್ರೈಮರಿ ಮೇಷ್ಟ್ರುಗಳ್ನ ಒಂದ್ ಬಸ್ ಕಳ್ಸಿ. ಉಪ್ಪಿಟ್ಟು ತಿಂದು ಮಧ್ಯಾನ್ನಕ್ಕೆ ಮುಗ್ಸಿ ಬತ್ತರೆ" ಅಂದರು. ಕೊನೆಗೆ ವಯಸ್ಸಾದ ಒಬ್ಬ ಯಜಮಾನರು ಗೆದ್ದರು, ಕೆಂಪು ಟೈನವರು ಸೋತರು. ಚೀಟಿ ಬಿಚ್ಚಿದರೆ ಸಿಂಗ್ರಿಗೌಡರದ್ದು ಆ ಸಲವೂ ತಪ್ಪು.

ಅಲ್ಲಿಂದ ದಿನಾ ಬೆಳಿಗ್ಗೆ ಒಂದೇ ಪ್ರಶ್ನೆ: "ಫೋನ್ ಮಾಡುದ್ನಾ?"

"ಇಲ್ಲ ಮಾವ."

ಮೊದಲ ವಾರ ಅವರಿಗೆ ಖುಷಿಯೋ ಖುಷಿ. "ನೋಡು, ಅಮೆರಿಕದೋನೂ ಮನುಷ್ಯನೇ." ಎರಡನೇ ವಾರಕ್ಕೆ ಖುಷಿ ಇಳಿಯಿತು. ತಿಂಗಳು ಕಳೆದ ಮೇಲೆ, "ಮಾಡಿ ಬುಡ್ಬಾರ್ದಾ ಒಂದ್ ಫೋನು? ಮಾಡ್ದಿದ್ರೆ ಗೆದ್ದೋರು ಕುರ್ಚಿ ಬುಟ್ಟು ಇಳ್ದೋಯ್ತರಾ?" ಅಂತ ಗೊಣಗತೊಡಗಿದರು. ಜನವರಿಯಲ್ಲಿ ಅವರ ವಿಧಾನಸೌಧದಂಥ ಕಟ್ಟಡಕ್ಕೇ ಜನ ನುಗ್ಗಿ ಕಿಟಕಿ ಒಡೆದರಲ್ಲ, ಆ ವಿಡಿಯೋ ತೋರಿಸಿದೆ. ಫೋನನ್ನು ಕಣ್ಣಿನ ಹತ್ತಿರ ಹಿಡಿದು ಎರಡು ಸಲ ನೋಡಿದರು. "ಇಷ್ಟೆಲ್ಲ ಒಂದ್ ಮಾತು ಒಪ್ಕಳ್ದೆ ಓಗಿದ್ದಕ್ಕಾ?" ಅಂದರು. ಫೋನನ್ನು ನನಗೆ ವಾಪಸ್ಸು ಕೊಡುತ್ತಾ, "ಊರೋರಿಗೆ ನಾನೂ ಇಂಗೇ ಕಾಣ್ತಿವ್ನಾ ಮಗ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಪಾಪ. ನನಗೂ ನಾಲಿಗೆ ತಡೆಯಲಿಲ್ಲ. "ಕಿಟಕಿ ಒಡ್ದಿಲ್ಲ ಮಾವ ನೀವು, ಪುಟ್ಟತ್ತೆ ಮನಸ್ಸು ಒಡೆದಿದ್ದೀರಿ" ಅಂದೆ. ಅಂದ ಮೇಲೆ ಭಯವಾಯಿತು. ಅವರು ಸಿಟ್ಟಾಗಲಿಲ್ಲ. ಕಟ್ಟೆಯ ಮೇಲೆ ಕೂತು, ಹಾಲಿನ ಚೀಟಿಯನ್ನು ಇನ್ನು ಮಡಚಲಾಗದಷ್ಟು ಮಡಚಿ, "ಇನ್ನೊಂದ್ ಸಲ ನೋಡಾನ. ಮುಂದಿನ ಸಲ ಅಲ್ಲಿ ಸೋತೋರು ಫೋನ್ ಮಾಡುದ್ರೆ ನಾನೂ ಮಾಡ್ತೀನಿ. ಆಣೆಗೂ" ಅಂದರು.

"ಅದಕ್ಕಿನ್ನೂ ನಾಲ್ಕು ವರ್ಷ ಅದೆ. ಎದುರುಮನೆಗೆ ಹೋಗೋಕೆ ಅಮೆರಿಕ ಸುತ್ತಿ ಬರಬೇಕಾ?"

"ಒಬ್ನೇ ಓಗಕ್ಕೆ ಕಾಲು ಬರಾಕಿಲ್ಲ ಕಣವ್ವ" ಅಂದರು.

ಅದು ನಿಜವೇ. ಡೈರಿಯ ಎದುರು ರಸ್ತೆ ದಾಟಿದರೆ ನಿಂಗೇಗೌಡರ ಮನೆ. ಬೆಳಿಗ್ಗೆ ಹಾಲು ಹಾಕಿದ ಮೇಲೆ ಅವರು ಜಗಲಿಯಲ್ಲೇ ಕೂತಿರುವರು. ಇಪ್ಪತ್ತು ಹೆಜ್ಜೆ.

ಈ ನಡುವೆ ಡೈರಿಗೆ ಮತ್ತೆ ಎಲೆಕ್ಷನ್ ಆಯಿತು. ಭಾವ ಬಾಮೈದ ಇಬ್ಬರೂ ನಿಲ್ಲಲಿಲ್ಲ. ಬೇರೆಯವರು ಅಧ್ಯಕ್ಷರಾದರು. ಎರಡನೇ ಓಟಿನ ಸೀಮೆಹಸದ ಕಥೆಗೆ ಮಾತ್ರ ಮುಪ್ಪು ಬರಲಿಲ್ಲ. ನಿಂಗೇಗೌಡರು ಹಾಲು ಹಾಕಿ ಹೋಗುವಾಗ ಹಿಂದಿನಿಂದ ಯಾರೋ "ಅಂಬಾ" ಅನ್ನುವುದು, ಅವರು ತಿರುಗಿ ನೋಡದೆ ನಡೆಯುವುದು, ಇವೆಲ್ಲ ನಾನು ಕಣ್ಣಾರೆ ಕಂಡದ್ದು. ಸಿಂಗ್ರಿಗೌಡರೂ ಕರೆಂಟ್ ಕಂಬದ ಹತ್ತಿರ ನಿಂತು ಕೇಳಿಸಿಕೊಂಡು, ತಲೆ ತಗ್ಗಿಸುವರು.

ನಾಲ್ಕು ವರ್ಷ ಕಳೆದು ಇಪ್ಪತ್ತನಾಲ್ಕರ ಎಲೆಕ್ಷನ್ ಬಂತು. ಈ ಸಲ ಮತ್ತೊಬ್ಬ ಹೆಣ್ಣುಮಗಳು, ಮತ್ತೆ ಅದೇ ಕೆಂಪು ಟೈನವರು. ಆಕೆಯ ತಾಯಿ ನಮ್ಮ ತಮಿಳುನಾಡಿನವರು ಅಂತ ಓದಿದೆ. "ಕಾವೇರಿ ನೀರು ಕೇಳ್ದಿದ್ರೆ ಸಾಕು" ಅಂದರೂ ಚೀಟಿಯಲ್ಲಿ ಬರೆದದ್ದು ಆಕೆಯ ಹೆಸರನ್ನೇ. ಬುಧವಾರ ಆಕೆ ಸೋತ ಸುದ್ದಿ ಬಂತು. ಮೂರಕ್ಕೆ ಮೂರೂ ತಪ್ಪಿದ್ದಕ್ಕೆ ನಾನು ನಕ್ಕರೆ, "ಗೆಲ್ಲೋರ್ನ ಅಲ್ಲ ಕಣವ್ವ, ಗೆಲ್ಬೇಕಾದೋರ್ನ ಬರೀತೀನಿ ನಾನು" ಅಂದರು.

ಗುರುವಾರ ಬೆಳಿಗ್ಗೆ ಅವರು ಬರುವ ಮೊದಲೇ ಫೋನಿನಲ್ಲಿ ನೋಡಿಟ್ಟುಕೊಂಡಿದ್ದೆ. ಅವರು ಕ್ಯಾನು ಇಳಿಸಿದರು. ಹಾಲು ಅಳೆದೆ, ಫ್ಯಾಟು ನೋಡಿದೆ, ಚೀಟಿ ಕೊಟ್ಟೆ. ಕೇಳಲಿ ಅಂತ ಕಾದೆ. ಕೇಳಲಿಲ್ಲ. ಕೇಳಲು ಹೆದರಿದ್ದಾರೆ ಅಂತ ಗೊತ್ತಾಯಿತು.

"ಮಾಡಿದ್ಲು ಮಾವ" ಅಂದೆ.

ಅವರು ಟವಲ್ಲಿನಿಂದ ಮುಖ ಒರೆಸಿಕೊಂಡರು. ನವೆಂಬರಿನ ಚಳಿಯಲ್ಲಿ ಬೆವರಿದ್ದರು. "ಆ ಯಮ್ಮನೇ ನಂಬರ್ ಒತ್ತಿದ್ಲಾ, ಯಾರಾರ ಒತ್ತಿ ಕೊಟ್ರಾ?"

"ಅಷ್ಟು ದೊಡ್ಡೋರು ಅಂದ ಮೇಲೆ ಯಾರೋ ಪಿ.ಎ. ಒತ್ತಿ ಕೊಟ್ಟಿರ್ತಾರೆ."

"ಅಂಗಾರೆ ನೀನ್ ಒತ್ತು."

"ಅಲ್ಲೇ ಕೂತವ್ರಲ್ಲ ಮಾವ ಜಗಲೀಲಿ. ಹೋಗಿ ಮಾತಾಡಿ."

"ಪದ್ಧತಿ ಅಂದ್ರೆ ಪದ್ಧತಿ. ಫೋನ್ ಅಂದ್ರೆ ಫೋನೇ."

ಒತ್ತಿ, ಸ್ಪೀಕರ್ ಹಾಕಿ ಅವರ ಕೈಗಿಟ್ಟೆ. ರಸ್ತೆಯಾಚೆ ನಿಂಗೇಗೌಡರ ಜೇಬಿನಲ್ಲಿ ಫೋನು ಬಡಿದುಕೊಂಡದ್ದು ಇಲ್ಲಿಗೇ ಕೇಳಿಸಿತು.

"ಅಲೋ, ಯೋಳವ್ವ. ನಮ್ ಆಲಿನ್ ಡಿಗ್ರಿ ಕಮ್ಮಿ ಬಂತಾ?"

"ಬಾವ, ನಾನು ಸಿಂಗ್ರಿ."

ನಿಂಗೇಗೌಡರು ಜಗಲಿಯಿಂದ ಕತ್ತೆತ್ತಿ ನೋಡಿದರು. "ಕಾಣ್ತಾ ಇದ್ದೀಯ. ಏನು?"

"ನೀವು ಗೆದ್ರಿ ಅಂತ ಯೋಳಕ್ಕೆ ಮಾಡ್ದೆ."

"ಏನು ಗೆದ್ದೆ?"

"ಡೈರಿ ಎಲೆಕ್ಷನ್ನು."

"ಅದಾಗಿ ಎಂಟು ವರ್ಸ ಆಯ್ತಲ್ಲಯ್ಯ. ನಾನು ಇಳ್ದೇ ಮೂರು ವರ್ಸ ಆಯ್ತು."

"ಗೊತ್ತು. ಲೈನ್ ಸಿಕ್ಕಿರ್ಲಿಲ್ಲ." ಸಿಂಗ್ರಿಗೌಡರು ಫೋನನ್ನು ಬಾಯಿಯ ಹತ್ತಿರಕ್ಕೆ ತಂದರು. "ಇನ್ನೊಂದ್ ಮಾತದೆ ಬಾವ. ಆ ಎರಡನೇ ಓಟು ಯಾರ್ದು ಅಂತ ಊರೋರು ಉಡುಕ್ತಾವ್ರಲ್ಲ, ಅದು ನಂದೇಯ."

ನನ್ನ ಕೈಯಲ್ಲಿದ್ದ ಹಾಲಿನ ಅಳತೆ ಹಾಗೇ ನಿಂತಿತು.

"ಎಂಟು ನನ್ ಕಡೆ, ಐದು ನಿಮ್ ಕಡೆ. ಐದೇ ಓಟು ಬಂದ್ರೆ ನಿಮ್ ಮರ್ವಾದೆ ಏನಾಗ್ಬೇಕು, ನೀವು ದೊಡ್ಡೋರು, 'ಐದಕ್ಕೆ ಬಿದ್ದೋನ ಎಂಡ್ರು' ಅಂತ ಅಕ್ಕನ್ನ ಆಡ್ಕತರೆ ಅಂತ ನನ್ ಚೀಟಿ ನಿಮ್ಗೇ ಆಕ್ದೆ. ವ್ಯಾನು ಅತ್ತಿದೋನು ಉಲ್ಟಾ ಒಡೀತನೆ ಅಂತ ನಾನ್ ಎಣ್ಸಿರ್ಲಿಲ್ಲ. ದೇವ್ರ ದರ್ಸನಕ್ಕೇ ಓಗವ್ನೆ ಅಂದ್ಕಂಡಿದ್ದೆ. ಆಮ್ಯಾಕೆ ಯೋಳಕ್ಕೆ ನಾಚ್ಕೆ ಆಯ್ತು. ನೀವೂ ನಂಗೆ ಆಕ್ಬೌದಿತ್ತು, ಆಕ್ಲಿಲ್ವಲ್ಲ ಅಂತ ಸಿಟ್ಟೂ ಬಂತು. ನೀವು ಅಸ ಕೊಟ್ಟು ಓಟ್ ಕೊಂಡ್ರಿ ಅಂತ ಊರೋರು ಅನ್ನೋವಾಗ್ಲೂ ಬಾಯ್ ಬುಡ್ಲಿಲ್ಲ ನಾನು. ತಪ್ಪಾಯ್ತು ಬಾವ."

ನಿಂಗೇಗೌಡರು ಫೋನನ್ನು ಒಂದು ಕಿವಿಯಿಂದ ಇನ್ನೊಂದಕ್ಕೆ ಬದಲಿಸಿದರು. "ಗೊತ್ತು ಕಣಯ್ಯ" ಅಂದರು.

"ಏನ್ ಗೊತ್ತು?"

"ಆಪೀಸರು ಚೀಟಿ ಬಿಚ್ಚುವಾಗ ನಾನ್ ಮುಂದೆ ಕುಂತಿರ್ಲಿಲ್ವಾ? ಒಂದ್ ಚೀಟೀನ ಬಿಚ್ಚಕ್ಕಾಗ್ದೆ ಪೆನ್ನು ಮೊನೆ ಆಕಿ ಒದ್ದಾಡಿದ್ರು. ಬಿಚ್ಚಿದ್ರೆ ನನ್ನೆಸ್ರು. ಅಂಗೆ ಮಡಚೋನು ಈ ತಾಲೂಕಲ್ಲಿ ಇನ್ಯಾರವ್ರೆ?"

ಸಿಂಗ್ರಿಗೌಡರ ಬಾಯಿ ತೆರೆದುಕೊಂಡಿತು. "ಮತ್ಯಾಕೆ ಯಾರ್ಗೂ ಯೋಳ್ಲಿಲ್ಲ? ಎಂಟು ವರ್ಸ ನಿಮ್ಮುನ್ನ ಕಳ್ಳ ಅಂದ್ರಲ್ಲ."

"ನನ್ನ ಕಳ್ಳ ಅಂದ್ರೆ ತಡ್ಕಬೌದು ಕಣ್ಲಾ. ತನ್ನ ಓಟಿಂದ ತಾನೇ ಸೋತ ದಡ್ಡ ಅಂತ ನಿನ್ನ ಅಂದ್ರೆ ನಿಮ್ಮಕ್ಕ ತಡೀತಿರ್ಲಿಲ್ಲ." ಜಗಲಿಯಿಂದ ಎದ್ದು ನಿಂತು, "ನಿಂಗೆ ಆಕ್ಬೇಕು ಅಂತ ನಂಗೂ ಒಂದ್ ಗಳಿಗೆ ಅನ್ನಿಸ್ತು. ಗೆಲ್ಲೋ ಆಸೆ, ಕೈ ಬರ್ಲಿಲ್ಲ. ನಿನ್ನಷ್ಟು ದೊಡ್ಡ ಮನುಷ್ಯ ಅಲ್ಲ ನಾನು" ಅಂದರು. ಆಮೇಲೆ ದನಿ ಬದಲಿಸಿ, "ಫೋನ್ ಮಡಗು. ಬಾ ಈ ಕಡೀಕೆ, ಕಾಫಿ ಕುಡಿ" ಅಂದರು.

ಸಿಂಗ್ರಿಗೌಡರು ಫೋನನ್ನು ನನಗೆ ಕೊಟ್ಟು ರಸ್ತೆ ದಾಟಿದರು. ಕ್ಯಾನು ಇಲ್ಲೇ ಮರೆತರು. ಪುಟ್ಟಮ್ಮ ಒಳಗಿನಿಂದ ಬಂದವಳು ತಮ್ಮನನ್ನು ಕಂಡು, ಅಳುವುದು ಬಿಟ್ಟು ಬಾಯಿ ತುಂಬ ಬೈಯತೊಡಗಿದಳು. ನನಗೆ ಕಣ್ಣು ಮಂಜಾಗಿ ಮುಂದಿನವರ ಹಾಲಿನ ಡಿಗ್ರಿಯನ್ನು ತಪ್ಪು ಓದಿದೆ.

ಮಾರನೆಯ ದಿನದಿಂದ ಇಬ್ಬರೂ ಆರಕ್ಕೇ ಜೊತೆಯಲ್ಲಿ ಬರತೊಡಗಿದರು. ಸಿಂಗ್ರಿಗೌಡರು ಅರಳಿಕಟ್ಟೆಯ ಮುಂದೆ ನಿಂತು, ಎರಡನೇ ಓಟು ತಮ್ಮದೇ ಅಂತ ಎಲ್ಲರೆದುರು ಹೇಳಿದರು. ಊರು ಒಂದು ವಾರ ನಕ್ಕಿತು. ದಡ್ಡ ಅಂದರು, ಅನ್ನಿಸಿಕೊಂಡರು. "ಅಂಬಾ" ಅನ್ನುವುದು ಮಾತ್ರ ನಿಂತಿತು. ಆಮೇಲಿನ ಗೌರಿಹಬ್ಬಕ್ಕೆ ಮೊರ ಹೊತ್ತು ತಾವೇ ಅಕ್ಕನ ಮನೆಗೆ ಹೋದರು. ನನಗೆ ಎಂಟು ವರ್ಷದ ಕೂಲಿ ಅಂತ ಒಂದು ರವಿಕೆ ಕಣ ಕೊಟ್ಟರು; ಅದನ್ನೂ ಬಿಚ್ಚಲಾಗದಂತೆ ಮಡಚಿದ್ದರು.

ಹಬ್ಬ ಕಳೆದ ಮೇಲೆ ಸಿಂಗ್ರಿಗೌಡರಿಗೆ ಉಸಿರು ಕಟ್ಟತೊಡಗಿತು. ಮಗಳು ಮಾಕವಳ್ಳಿಯಲ್ಲಿದ್ದಳು, ಕೆ.ಆರ್. ಪೇಟೆಯ ಡಾಕ್ಟರಿಗೆ ತೋರಿಸಿ ಒಂದು ತಿಂಗಳು ಇಟ್ಟುಕೊಳ್ಳುತ್ತೇನೆ ಅಂದಳು. ಹೊರಡುವ ಬೆಳಿಗ್ಗೆ ಡೈರಿಗೆ ಬಂದರು. ಒಗೆದ ಬಿಳಿ ಅಂಗಿ, ಎರಡು ಪೆನ್ನು. ಹುಣಸೆಬೀಜದಂಥ ಒಂದು ಚೀಟಿ ನನ್ನ ಅಂಗೈಯಲ್ಲಿಟ್ಟರು.

"ಮುಂದಿನ ಸಲದ್ದು. ಮಡಗಿರು."

"ಯಾರು ನಿಲ್ತಾರೆ ಅಂತ ಅಮೆರಿಕದವರಿಗೇ ಇನ್ನೂ ಗೊತ್ತಿಲ್ಲ ಮಾವ."

"ನಂಗೊತ್ತು. ಈ ಸಲ ತಪ್ಪಾಕಿಲ್ಲ ಬುಡು." ಬಸ್ಸು ಬಂತು. ಹತ್ತುವಾಗ ಚಪ್ಪಲಿಯನ್ನು ನಿಧಾನಕ್ಕೆ ಸರಿಯಾಗಿ ಮೆಟ್ಟಿಕೊಂಡು ಹತ್ತಿದರು. ಅದನ್ನು ನೋಡಿ ನಕ್ಕೆ. ಹದಿನೆಂಟು ದಿನಕ್ಕೆ ಸುದ್ದಿ ಬಂತು. ಮಲಗಿದ್ದವರು ಬೆಳಿಗ್ಗೆ ಏಳಲಿಲ್ಲವಂತೆ.

ಚೀಟಿಯನ್ನು ಡೈರಿಯ ಮೇಜಿನೊಳಗೆ ಹಾಗೇ ಇಟ್ಟಿದ್ದೆ. ಅದು ನಿಂಗೇಗೌಡರಿಗೆ ಹೇಗೆ ಗೊತ್ತಾಯಿತೋ, ದಿನಾ ಹಾಲು ಹಾಕಿದ ಮೇಲೆ ಕೇಳತೊಡಗಿದರು. ಅಮೆರಿಕದ ಎಲೆಕ್ಷನ್ನಿಗೆ ಇನ್ನೂ ಎರಡು ವರ್ಷ ಇದೆ ಮಾವ ಅಂದರೆ, "ಅಲ್ಲೀಗಂಟ ನಾನಿರ್ಬೇಕಲ್ಲವ್ವ" ಅಂದರು. ಕೊನೆಗೆ ಕಳೆದ ವಾರ ಇಬ್ಬರೂ ಕಟ್ಟೆಯ ಮೇಲೆ ಕೂತು ಸೂಜಿ ಹಾಕಿ ಬಿಚ್ಚಿದೆವು.

ಸ್ಕೇಲಿಟ್ಟು ಗೆರೆ ಹಾಕಿ ಮಾಡಿದ ಓಟಿನ ಚೀಟಿ ಅದು. ಎರಡೇ ಹೆಸರು. ಮೇಲೆ ಸಿಂಗ್ರಿಗೌಡ, ಕೆಳಗೆ ನಿಂಗೇಗೌಡ. ಕೆಳಗಿನ ಹೆಸರಿನ ಮುಂದೆ ಓಟಿನ ಕ್ರಾಸ್ ಗುರುತು.

ನಿಂಗೇಗೌಡರು ಅದನ್ನು ಮೊಣಕಾಲ ಮೇಲಿಟ್ಟುಕೊಂಡು ಬಹಳ ಹೊತ್ತು ಸವರಿದರು. "ಬುದ್ಧಿ ಕಲೀಲೇ ಇಲ್ಲ ನನ್ ಮಗ" ಅಂದರು. ಆಮೇಲೆ ನನ್ನ ಪೆನ್ನು ಕೇಳಿ ತೆಗೆದುಕೊಂಡು, ಮೇಲಿನ ಹೆಸರಿನ ಮುಂದೆ ಒಂದು ಕ್ರಾಸ್ ಹಾಕಿ, ಒಣಗಲಿ ಅಂತ ಊದಿದರು. ಮತ್ತೆ ಮಡಚಲು ಹೋದರು. ಮೂರು ಮಡಿಕೆಯಾಯಿತು, ನಾಲ್ಕನೆಯದಕ್ಕೆ ಬಿಚ್ಚಿಕೊಂಡಿತು. ನನ್ನ ಕೈಗೆ ಕೊಟ್ಟರು. ನನಗೂ ಆಗಲಿಲ್ಲ.